ತೋಳದ ಬುಟ್ಟಿಯಲ್ಲಿ 999 ಮೊಟ್ಟೆ

(ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಮತ್ತು ಹಳೆಯ ವಸ್ತುಗಳ ಆಸಕ್ತರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಚೀಟಿಯನ್ನು ಓದುತ್ತೇನೆ. ‘ರಷ್ಯಾ ಆಟಿಕೆ. ನಿಂಟೆಂಡೊ ನಕಲು. ಕೆಟ್ಟಿದೆ.’

ಇದು ನನ್ನದೇ ಕೈಬರಹ. ಹನ್ನೆರಡು ವರ್ಷಗಳ ಹಿಂದೆ ನನ್ನ ಸಂಗ್ರಹದ ಪಟ್ಟಿ ಮಾಡಲು ಕುಳಿತಾಗ ಬರೆದದ್ದು. ಆ ಸಂಗ್ರಹದಲ್ಲಿ ಕ್ಯಾಲ್ಕುಲೇಟರುಗಳಿವೆ, ಡಿಜಿಟಲ್ ಕೈಗಡಿಯಾರಗಳಿವೆ, ಟ್ರಾನ್ಸಿಸ್ಟರ್ ರೇಡಿಯೊಗಳಿವೆ, ಜಾತ್ರೆಗಳಲ್ಲಿ ಕೊಂಡ ಬ್ರಿಕ್ ಗೇಮ್‌ಗಳಿವೆ. ಒಂದೊಂದಕ್ಕೂ ಅರ್ಧ ಪುಟ, ಒಂದು ಪುಟ ಟಿಪ್ಪಣಿ ಬರೆದಿದ್ದೇನೆ. ಎಲ್ಲಿ ಸಿಕ್ಕಿತು, ಒಳಗೆ ಯಾವ ಚಿಪ್ ಇದೆ, ಏನು ದುರಸ್ತಿ ಮಾಡಿದೆ ಎಂದೆಲ್ಲ. ಇದೊಂದಕ್ಕೆ ಮಾತ್ರ ಐದು ಪದ. ಬರೆದು, ಚೀಟಿಯನ್ನು ಅದರ ಜೊತೆಗೇ ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿಬಿಟ್ಟಿದ್ದೆ.

ಆ ಐದು ಪದಗಳಲ್ಲಿ ಒಂದು ನನ್ನನ್ನು ಇಷ್ಟು ವರ್ಷ ಕುರುಡನನ್ನಾಗಿ ಮಾಡಿತ್ತು. ‘ನಕಲು’ ಎಂಬ ಪದ. ಅದರ ಬಗ್ಗೆಯೇ ಇಂದು ಮಾತನಾಡಬೇಕೆಂದಿದ್ದೇನೆ.

ವಸ್ತು ಇದು. ಹಿಂದಿನ ಸಾಲಿನವರಿಗೂ ಕಾಣಲೆಂದು ಎತ್ತಿ ಹಿಡಿಯುತ್ತೇನೆ. ಅಂಗೈಯಗಲದ ಪೆಟ್ಟಿಗೆ, ಮುಂದೆ ಲೋಹದ ತೆಳು ಮುಖಪಟ್ಟಿ, ನಡುವೆ ಗಾಜು. ಎಡಕ್ಕೆ ಎರಡು, ಬಲಕ್ಕೆ ಎರಡು ಕೆಂಪು ಗುಂಡಿಗಳು. ಮೇಲೆ ಬಲಕ್ಕೆ ಮೂರು ಸಣ್ಣ ಗುಂಡಿಗಳು. ರಷ್ಯನ್ ಅಕ್ಷರಗಳಲ್ಲಿ ‘ಆಟ ಎ’, ‘ಆಟ ಬಿ’, ‘ಸಮಯ’ ಎಂದು ಬರೆದಿದೆ. ಹೆಸರು ‘ಎಲೆಕ್ಟ್ರೋನಿಕಾ ಐಎಂ-02’. ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ‘ನು, ಪೊಗೊದೀ!’ ಎಂದಿದೆ. ನಮ್ಮಲ್ಲಿ ತುಂಟ ಹುಡುಗ ಕೈಗೆ ಸಿಗದೆ ಓಡಿದಾಗ ಹಿಂದಿನಿಂದ ದೊಡ್ಡವರು ಕೂಗುವುದಿಲ್ಲವೇ, ‘ಇರು, ನಿನ್ನನ್ನು ನೋಡಿಕೊಳ್ಳುತ್ತೇನೆ!’ ಎಂದು? ಅದೇ ಮಾತು.

ಇದನ್ನು ತಂದವರು ನನ್ನ ಸೋದರಮಾವ. ಎಂಜಿನಿಯರಿಂಗ್ ಓದಲು ಮಾಸ್ಕೋಗೆ ಹೋಗಿದ್ದರು. 1987ರಲ್ಲಿ ಊರಿಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಮೂರು ಉಣ್ಣೆಯ ಟೋಪಿಗಳು, ಒಂದು ಸಾಲು ಮರದ ಗೊಂಬೆಗಳು ಮತ್ತು ಇದು ಇತ್ತು. ಆಗ ನನಗೆ ಹನ್ನೊಂದು, ತಂಗಿಗೆ ಒಂಬತ್ತು. ನಮ್ಮ ಮಟ್ಟಿಗೆ ಸೋವಿಯತ್ ದೇಶವೆಂದರೆ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆ. ಶಾಲೆಯ ಪುಸ್ತಕಗಳಿಗೆ ಅದರಷ್ಟು ಚೆನ್ನಾದ ರಟ್ಟು ಬೇರೆ ಇರಲಿಲ್ಲ. ಅದು ಬಿಟ್ಟರೆ ನವಕರ್ನಾಟಕದ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ, ಬಣ್ಣದ ಚಿತ್ರಗಳ ಮಕ್ಕಳ ಪುಸ್ತಕಗಳು. ಆ ದೇಶದಿಂದ ಒಂದು ಯಂತ್ರ ಬಂದು, ಅದರೊಳಗೆ ತೋಳವೊಂದು ಬುಟ್ಟಿ ಹಿಡಿದು ನಿಂತಿರುತ್ತದೆ ಎಂಬುದನ್ನು ನಾವು ಎಣಿಸಿಯೇ ಇರಲಿಲ್ಲ. ಆ ತೋಳಕ್ಕೆ ತಂಗಿ ‘ತೋಳಪ್ಪ’ ಎಂದು ಹೆಸರಿಟ್ಟಳು. ಮನೆಯಲ್ಲಿ ಇಂದಿಗೂ ಅದೇ ಹೆಸರು.

ಆಟ ಹೇಗೆಂದರೆ, ಗಾಜಿನ ಎಡಬಲಗಳಲ್ಲಿ ಮೇಲೊಂದು ಕೆಳಗೊಂದು ಕೋಳಿಗಳು ಕುಳಿತಿವೆ. ನಾಲ್ಕು ಕೋಳಿ, ನಾಲ್ಕು ಇಳಿಜಾರು ಹಲಗೆ. ಮೊಟ್ಟೆಗಳು ಹಲಗೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಉರುಳಿ ಬರುತ್ತವೆ; ಪ್ರತಿ ಹೆಜ್ಜೆಗೂ ಒಂದು ‘ಟಿಕ್’. ಅಂಚಿಗೆ ಬಂದ ಮೊಟ್ಟೆಗೆ ತೋಳದ ಬುಟ್ಟಿ ಸಿಗಬೇಕು. ನಾಲ್ಕು ಗುಂಡಿಗಳು ನಾಲ್ಕು ಹಲಗೆಗಳಿಗೆ. ಯಾವುದನ್ನು ಒತ್ತುತ್ತೀರೋ ತೋಳ ಅಲ್ಲಿಗೆ ಬುಟ್ಟಿ ಚಾಚುತ್ತದೆ. ಹಿಡಿದ ಮೊಟ್ಟೆಗೆ ಒಂದು ಅಂಕ. ಮೂರು ಮೊಟ್ಟೆ ಒಡೆದರೆ ಆಟ ಮುಗಿಯಿತು. ‘ಆಟ ಎ’ಯಲ್ಲಿ ಮೂರು ಹಲಗೆಗಳಿಂದ ಮಾತ್ರ ಮೊಟ್ಟೆ ಬರುತ್ತವೆ, ‘ಆಟ ಬಿ’ಯಲ್ಲಿ ನಾಲ್ಕರಿಂದಲೂ. ಇಷ್ಟೇ. ನಿಯಮಗಳನ್ನು ಹೇಳಲು ಒಂದು ನಿಮಿಷ ಸಾಕಾಯಿತು, ನೋಡಿ.

ನನ್ನ ಚೀಟಿಯಲ್ಲಿ ‘ನಿಂಟೆಂಡೊ ನಕಲು’ ಎಂದು ಬರೆದದ್ದು ಸುಳ್ಳಲ್ಲ. ಅದನ್ನು ಮುಚ್ಚಿಡುವುದೂ ಬೇಡ. ಜಪಾನಿನ ಕ್ಯೋಟೊದ ನಿಂಟೆಂಡೊ ಕಂಪನಿ 1980ರಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ಕೈಯಾಟಗಳ ಸಾಲನ್ನು ಆರಂಭಿಸಿತು. ಅದರ ಹಿಂದಿದ್ದವರು ಗುನ್‌ಪೇ ಯೊಕೊಯಿ. 1965ರಲ್ಲಿ, ಆ ಕಂಪನಿ ಇನ್ನೂ ಹನಾಫುದಾ ಎಂಬ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುತ್ತಿದ್ದ ಕಾಲದಲ್ಲಿ, ಯಂತ್ರಗಳ ನಿರ್ವಹಣೆಗೆಂದು ಕೆಲಸಕ್ಕೆ ಸೇರಿದವರು. ಒಮ್ಮೆ ವೇಗದ ರೈಲಿನಲ್ಲಿ ಕಚೇರಿಯ ನೌಕರರೊಬ್ಬರು ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದುದನ್ನು ಕಂಡು ಈ ಆಟದ ಯೋಚನೆ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಆಗ ಕ್ಯಾಲ್ಕುಲೇಟರುಗಳ ಪೈಪೋಟಿಯಿಂದಾಗಿ ಸಣ್ಣ ಚಿಪ್‌ಗಳೂ ದ್ರವ ಹರಳಿನ (ಎಲ್‌ಸಿಡಿ) ಪರದೆಗಳೂ ಬಹಳ ಅಗ್ಗವಾಗಿದ್ದವು. ಹೊಸ ತಂತ್ರಜ್ಞಾನದ ಬೆನ್ನು ಹತ್ತದೆ, ಎಲ್ಲರಿಗೂ ಹಳತಾಗಿ ಕಂಡದ್ದನ್ನು ಎತ್ತಿಕೊಂಡು ಯಾರೂ ಯೋಚಿಸದ ಕಡೆಗೆ ತಿರುಗಿಸುವುದು ಅವರ ದಾರಿಯಾಗಿತ್ತು. ಮುಂದೆ 1989ರಲ್ಲಿ ನಿಂಟೆಂಡೊದ ಇನ್ನೊಂದು ಕೈಯಾಟದ ಯಂತ್ರ ಗೇಮ್ ಬಾಯ್ ಬಂದದ್ದೂ ಅದೇ ದಾರಿಯಲ್ಲಿ.

ಆ ಸಾಲಿನಲ್ಲಿ 1981ರಲ್ಲಿ ಒಂದೇ ಆಟ ಎರಡು ವೇಷದಲ್ಲಿ ಬಂತು. ಒಂದರ ಹೆಸರು ‘ಎಗ್’, ಇನ್ನೊಂದು ‘ಮಿಕ್ಕಿ ಮೌಸ್’. ಎರಡರಲ್ಲೂ ನಾಲ್ಕು ಹಲಗೆ, ಉರುಳುವ ಮೊಟ್ಟೆ. ಸೋವಿಯತ್ ಒಕ್ಕೂಟದ ಎಲೆಕ್ಟ್ರಾನಿಕ್ಸ್ ಕೈಗಾರಿಕಾ ಸಚಿವಾಲಯದ ಕಾರ್ಖಾನೆಗಳು ಅನುಮತಿಯಿಲ್ಲದೆ ಅದನ್ನು ಅನುಕರಿಸಿದವು. 1984ರಿಂದ ಅಂಗಡಿಗಳಿಗೆ ಬಂದ ಆ ಪ್ರತಿಯೇ ಇದು. ಯೊಕೊಯಿ ಅವರ ತಂಡಕ್ಕೆ ಸಲ್ಲಬೇಕಾದ ಹಣವಾಗಲಿ ಹೆಸರಾಗಲಿ ಸಲ್ಲಲಿಲ್ಲ. ಮಾಸ್ಕೋದ ಮಕ್ಕಳಿಗೆ ಅವರ ಹೆಸರೇ ತಿಳಿದಿರಲಿಲ್ಲ. ಅದು ತಪ್ಪು. ತಪ್ಪೆಂದು ಹೇಳಿಯೇ ನಾನು ಮುಂದಕ್ಕೆ ಹೋಗುತ್ತೇನೆ.

ಇಷ್ಟನ್ನು ತಿಳಿದಿದ್ದರಿಂದಲೇ ನಾನು ಇದನ್ನು ಕಡೆಗಣಿಸಿದೆ. ಸಂಗ್ರಹಕಾರರ ಮನಸ್ಸು ಹೀಗೆ ಕೆಲಸ ಮಾಡುತ್ತದೆ: ಮೂಲ ಸಿಕ್ಕರೆ ಪ್ರತಿ ಯಾಕೆ ಬೇಕು? ಹುಡುಗನಾಗಿದ್ದಾಗ ರಾತ್ರಿ ಕಂಬಳಿಯೊಳಗೆ ಕೈಯಲ್ಲಿ ಹಿಡಿದು ಆಡಿದ ಆಟ ಅದು ಎಂಬುದು ಕೂಡ ಪಟ್ಟಿ ಮಾಡುವಾಗ ನನ್ನನ್ನು ತಡೆಯಲಿಲ್ಲ.

ಹೋದ ವರ್ಷ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ದ್ರವ ಹರಳುಗಳ ಬಗ್ಗೆ ಒಂದು ಪ್ರದರ್ಶನ ಏರ್ಪಡಿಸಬೇಕಾಯಿತು. ಮಕ್ಕಳ ಮುಂದೆ ಒಂದು ಹಳೆಯ ಪರದೆಯನ್ನು ಪದರ ಪದರವಾಗಿ ಬಿಚ್ಚಿ ತೋರಿಸಬೇಕು ಎಂಬುದು ನನ್ನ ಆಸೆ. ಬಿಚ್ಚಿದ ಮೇಲೆ ಮತ್ತೆ ಕೂಡುವ ಭರವಸೆ ಇರಲಿಲ್ಲ. ಹಾಗಾಗಿ ಸಂಗ್ರಹದಲ್ಲಿ ಅತಿ ಕಡಿಮೆ ಬೆಲೆಯದು ಯಾವುದೆಂದು ಹುಡುಕಿದೆ. ಅಟ್ಟದಿಂದ ಡಬ್ಬಿ ಇಳಿಸಿದೆ. ಚೀಟಿ ಓದಿದೆ. ಸರಿ, ಇದೇ ಇರಲಿ ಎಂದುಕೊಂಡೆ. ಎಂದರೆ, ತೋಳಪ್ಪನನ್ನು ನಾನು ಬಲಿ ಕೊಡಲು ಹೊರಟಿದ್ದೆ.

ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದೆ. ಬ್ಯಾಟರಿ ಕೂರುವ ಜಾಗದಲ್ಲಿ ಹಸಿರು ಬೂಷ್ಟಿನಂತೆ ಕಿಲುಬು ಹಿಡಿದಿತ್ತು. ಅದರಾಚೆ ಹಸಿರು ಬೋರ್ಡಿನ ಮೇಲೆ ಒಂದೇ ಒಂದು ದೊಡ್ಡ ಚಿಪ್, ಮೇಲೆ ರಷ್ಯನ್ ಅಕ್ಷರಗಳಲ್ಲಿ ‘ಕೆಬಿ1013ವಿಕೆ1-2’. ಆ ಸಂಖ್ಯೆಯನ್ನು ನೋಡುತ್ತ ಕುಳಿತೆ. ನಕಲು ಎಂದರೆ ಜಪಾನಿನಿಂದ ಚಿಪ್ ತರಿಸಿ ಬೇರೆ ಪೆಟ್ಟಿಗೆಗೆ ಹಾಕಿದ್ದು ಎಂಬ ಭಾವನೆ ನನ್ನ ತಲೆಯಲ್ಲಿ ಎಲ್ಲೋ ಇತ್ತು. ಹಾಗಲ್ಲ. ನಿಂಟೆಂಡೊ ಬಳಸಿದ್ದು ಶಾರ್ಪ್ ಕಂಪನಿಯ ಎಸ್‌ಎಂ5ಎ ಎಂಬ ನಾಲ್ಕು ಬಿಟ್‌ಗಳ ಚಿಪ್. ಇದು ಅದಕ್ಕೆ ಹೊಂದುವಂತೆ ಸೋವಿಯತ್ ಒಕ್ಕೂಟದಲ್ಲೇ ತಯಾರಾದದ್ದು. ಸಿಲಿಕಾನಿನ ಮೇಲೆ ಅಂಥ ಚಿಪ್ ಅನ್ನು ಮತ್ತೆ ಕಟ್ಟುವುದು ಪುಸ್ತಕವನ್ನು ಜೆರಾಕ್ಸ್ ಮಾಡಿದಂತಲ್ಲ. ಮತ್ತೊಬ್ಬರು ಕಟ್ಟಿದ ಮನೆಯನ್ನು ಹೊರಗಿನಿಂದ ನೋಡಿ, ಅಳತೆ ಹಿಡಿದು, ನಮ್ಮೂರಿನ ಇಟ್ಟಿಗೆ, ನಮ್ಮೂರಿನ ಗಾರೆಯಿಂದ ಅದೇ ಮನೆಯನ್ನು ಎಬ್ಬಿಸಿದಂತೆ. ಆ ಕೆಲಸ ಮಾಡಿದ ಎಂಜಿನಿಯರುಗಳ ಹೆಸರೂ ಮಕ್ಕಳಿಗೆ ತಿಳಿಯಲಿಲ್ಲ.

ಪಕ್ಕದಲ್ಲಿ ಸಣ್ಣ ಕೊಳವೆಯಂಥ ಹರಳೊಂದಿತ್ತು. ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ, ಕ್ವಾರ್ಟ್ಜ್ ಕೈಗಡಿಯಾರದ ಹರಳು. ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಸಿಗುತ್ತದೆ. ಅದೇ ಒಂದು ಸೆಕೆಂಡ್. ಈ ಪೆಟ್ಟಿಗೆ ಆಡದಿದ್ದಾಗ ಗಡಿಯಾರ. ಸಮಯ ತೋರಿಸುವ ಅದೇ ಹರಳಿನ ಮಿಡಿತದಿಂದಲೇ ಮೊಟ್ಟೆಗಳೂ ಉರುಳುತ್ತವೆ. ಮಾವ ಇದನ್ನು ಮೇಜಿನ ಮೇಲೆ ಅಲಾರಂ ಇಟ್ಟುಕೊಂಡು ಮಲಗುತ್ತಿದ್ದರಂತೆ.

ಬಿಚ್ಚುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಕಿಲುಬನ್ನು ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸ್ಪಿರಿಟ್ಟಿನಿಂದ ತೊಳೆದು, ಎರಡು ಗುಂಡಿ ಸೆಲ್‌ಗಳನ್ನು ಹಾಕಿದೆ. ‘ಟಿಕ್’ ಎಂದಿತು. ಗಾಜಿನ ಮೇಲೆ ತೋಳದ ಅರ್ಧ ಮೈ ಮೂಡಿತು. ತಲೆಯಿದೆ, ಒಂದು ಕಾಲಿದೆ, ಬುಟ್ಟಿಯಿಲ್ಲ. ಬಲಗಡೆಯ ಹಲಗೆಯಲ್ಲಿ ಮೊಟ್ಟೆ ಎರಡು ಹೆಜ್ಜೆ ಬಂದು ಮಾಯವಾಗಿ, ಆಮೇಲೆ ಒಡೆದ ಸದ್ದು ಮಾತ್ರ ಕೇಳಿತು. ಮೂವತ್ತೇಳು ವರ್ಷಗಳಿಂದ ನನಗೆ ಗೊತ್ತಿದ್ದ ಸದ್ದು. ಆಮೇಲೆ ಅದನ್ನು ಒಡೆಯುವ ಮಾತೇ ಇರಲಿಲ್ಲ. ಪ್ರದರ್ಶನಕ್ಕೆ ಒಂದು ಹಳೆಯ ಕ್ಯಾಲ್ಕುಲೇಟರನ್ನು ಬಿಚ್ಚಿದೆ.

ಇಲ್ಲಿ ದ್ರವ ಹರಳಿನ ಬಗ್ಗೆ ಎರಡು ಮಾತು ಆಡಲೇಬೇಕು. ಈ ಊರಿನಲ್ಲಿ ನಿಂತು ಆಡದಿದ್ದರೆ ತಪ್ಪಾಗುತ್ತದೆ.

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ ಕೊಲೆಸ್ಟರಾಲ್‌ನಿಂದ ಮಾಡಿದ ಒಂದು ವಸ್ತುವನ್ನು ಕಾಯಿಸುತ್ತಿದ್ದರು. ಅದು 145.5 ಡಿಗ್ರಿಯಲ್ಲಿ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ಇನ್ನೊಮ್ಮೆ ಬದಲಾಗಿ ತಿಳಿಯಾಯಿತು. ಎರಡು ಸಲ ಕರಗುವ ವಸ್ತು! ಆ ನಡುವಿನ ಮಬ್ಬು ಸ್ಥಿತಿಯೇ ದ್ರವ ಹರಳು. ಹರಿಯುತ್ತದೆ, ಆದರೆ ಅಣುಗಳು ಸಾಲು ತಪ್ಪುವುದಿಲ್ಲ. ಎರಡು ಗಾಜುಗಳ ನಡುವೆ ಕಡ್ಡಿಯಂಥ ಅಣುಗಳ ಈ ದ್ರವವನ್ನು ತೆಳುವಾಗಿ ತುಂಬಿ, ಮೇಲಿನಿಂದ ಕೆಳಕ್ಕೆ ಬರುವಾಗ ಅಣುಗಳು ಕಾಲು ಸುತ್ತು ತಿರುಗುವಂತೆ ಜೋಡಿಸಿದರೆ ಬೆಳಕು ಕೂಡ ಅವುಗಳ ಜೊತೆ ತಿರುಗುತ್ತದೆ. ವಿದ್ಯುತ್ ಕೊಟ್ಟರೆ ಅಣುಗಳು ಎದ್ದು ನಿಲ್ಲುತ್ತವೆ, ಬೆಳಕು ತಿರುಗದೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಧ್ರುವಕ ಹಾಳೆಯಲ್ಲಿ ತಡೆಯಾಗುತ್ತದೆ, ಆ ಜಾಗ ಕಪ್ಪಾಗಿ ಕಾಣುತ್ತದೆ. 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಷಾಟ್ ಮತ್ತು ಹೆಲ್‌ಫ್ರಿಶ್ ಕಂಡುಕೊಂಡ ವಿಧಾನ ಇದು. ತೋಳಪ್ಪನ ಮೈಯೆಲ್ಲ ಇದೇ.

ನಮ್ಮ ನಾಡಿಗೆ ಈ ವಿದ್ಯೆಯ ಸಂಬಂಧ ಸಣ್ಣದಲ್ಲ. ಶಿವರಾಮಕೃಷ್ಣ ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಬಂದವರು; 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ 1977ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ, ಕಡ್ಡಿಯಂಥವು ಮಾತ್ರವಲ್ಲ, ಬಿಲ್ಲೆಯಂಥ ಅಣುಗಳೂ ಒಂದರ ಮೇಲೊಂದು ಪೇರಿಸಿಕೊಂಡು ದ್ರವ ಹರಳಾಗಬಲ್ಲವು ಎಂದು ಮೊದಲ ಬಾರಿಗೆ ತೋರಿಸಿಕೊಟ್ಟರು. ಅದು ನಮ್ಮದೇ ದೇಶದ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಆಟದ ಗಾಜಿನಲ್ಲಿರುವುದು ಆ ಬಿಲ್ಲೆ ಅಣುಗಳಲ್ಲ, ಕಡ್ಡಿ ಅಣುಗಳೇ. ಆದರೂ ಜಗತ್ತಿನ ದ್ರವ ಹರಳಿನ ನಕಾಶೆಯಲ್ಲಿ ಬೆಂಗಳೂರು ಒಂದು ಮುಖ್ಯ ಊರು ಎಂಬುದನ್ನು ಇಲ್ಲಿರುವ ಹುಡುಗ ಹುಡುಗಿಯರು ನೆನಪಿಟ್ಟುಕೊಳ್ಳಬೇಕು. ಈ ಮಾತನ್ನು ಹೇಳುವಾಗ ನನಗೆ ಪ್ರತಿ ಸಲವೂ ಎದೆ ತುಂಬಿ ಬರುತ್ತದೆ.

ದುರಸ್ತಿಯ ಕತೆಯನ್ನು ಚಿಕ್ಕದಾಗಿಯೇ ಹೇಳುತ್ತೇನೆ. ಬೋರ್ಡಿನಿಂದ ಗಾಜಿಗೆ ತಂತಿಗಳಿಲ್ಲ. ಇವುಗಳ ನಡುವೆ ಕಪ್ಪು ಬಿಳುಪು ಪಟ್ಟೆಗಳ ಒಂದು ರಬ್ಬರು ಕಡ್ಡಿ ಇರುತ್ತದೆ. ಕಪ್ಪು ಪಟ್ಟೆ ವಿದ್ಯುತ್ತನ್ನು ಒಯ್ಯುತ್ತದೆ, ಬಿಳುಪು ಒಯ್ಯುವುದಿಲ್ಲ. ಜೀಬ್ರಾ ಎಂದೇ ಕರೆಯುತ್ತಾರೆ. ಆ ರಬ್ಬರಿಗೆ ವರ್ಷಗಳ ಜಿಡ್ಡು ಹತ್ತಿತ್ತು. ತೆಗೆದು ಒರೆಸಿ ಕೂರಿಸಿದಾಗ ಬುಟ್ಟಿ ಬಂತು. ಮುಂದಿನ ಧ್ರುವಕ ಹಾಳೆ ಹಳದಿಯಾಗಿ ಅಂಚಿನಲ್ಲಿ ಎದ್ದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದು ಹೊಸ ಹಾಳೆಯನ್ನು ತಂದೆ. ಒಬ್ಬ ಅಂಗಡಿಯವರು ಆಟವನ್ನು ತಿರುಗಿಸಿ ನೋಡಿ, ‘ಸಾರ್, ಇದರ ಬದಲು ಹೊಸದನ್ನೇ ಕೊಡುತ್ತೇನೆ’ ಎಂದರು; ಹೊಸದು ಎಂದರೆ ಯಾವುದು ಎಂದು ನಾನು ಕೇಳಲಿಲ್ಲ. ಹಾಳೆಯನ್ನು ಮೊದಲು ಅಡ್ಡಡ್ಡ ಇಟ್ಟುಬಿಟ್ಟೆ. ಆಗ ಲೋಕವೆಲ್ಲ ಕಪ್ಪಾಗಿ ತೋಳ ಮಾತ್ರ ಬೆಳ್ಳಗೆ ಕಂಡಿತು. ಕಾಲು ಸುತ್ತು ತಿರುಗಿಸಿದೆ. ಹಗಲಾಯಿತು.

ಆಮೇಲೆ ಆಡಲು ಕುಳಿತೆ. ನಾನು ಹೇಳಬೇಕೆಂದು ಬಂದದ್ದು ಇರುವುದು ಇಲ್ಲಿಯೇ.

ಈ ಆಟದಲ್ಲಿ ಒಂದು ದಯೆಯ ನಿಯಮವಿದೆ. ಎಡಗಡೆ ಮೇಲೆ ಒಂದು ಪುಟ್ಟ ಮನೆ. ಆಗಾಗ ಅದರಿಂದ ಒಂದು ಮೊಲ ಇಣುಕುತ್ತದೆ. ಅದು ಇಣುಕಿದ್ದಾಗ ಮೊಟ್ಟೆ ಬಿದ್ದರೆ ಒಡೆದು ಹಾಳಾಗುವುದಿಲ್ಲ. ಅದರಿಂದ ಮರಿಯೊಂದು ಎದ್ದು ಪುಟಪುಟನೆ ಓಡಿಹೋಗುತ್ತದೆ. ತಪ್ಪು ಅರ್ಧ ಮಾತ್ರ. ಮೊಲ ಇಲ್ಲದಾಗ ಬಿದ್ದರೆ ಪೂರ್ತಿ ತಪ್ಪು. ಮಿಕ್ಕಿ ಮೌಸ್ ವೇಷದ ಆಟದಲ್ಲೂ ಈ ನಿಯಮ ಇದೆ. ಅಲ್ಲಿ ಇಣುಕುವುದು ಮಿನ್ನಿ. ಮಿಕ್ಕಿಯ ಗೆಳತಿ ಬಂದಾಗ ಮಿಕ್ಕಿಗೆ ರಿಯಾಯಿತಿ. ಅದರಲ್ಲಿ ಅಚ್ಚರಿಯೇನೂ ಇಲ್ಲ.

ಆದರೆ ಇಲ್ಲಿರುವ ತೋಳ ಮತ್ತು ಮೊಲ ಯಾರು? ‘ನು, ಪೊಗೊದೀ!’ ಎಂಬುದು ಸೋವಿಯತ್ ಒಕ್ಕೂಟದ ಸೊಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೊ 1969ರಿಂದ ತಯಾರಿಸಿದ ಕಾರ್ಟೂನ್ ಸರಣಿ. ನಿರ್ದೇಶಕರು ವ್ಯಾಚೆಸ್ಲಾವ್ ಕೊತ್ಯೋನೊಚ್ಕಿನ್. ಕಂತು ಕಂತಿನಲ್ಲೂ ತೋಳ ಮೊಲದ ಬೆನ್ನು ಹತ್ತುತ್ತದೆ, ಕಂತು ಕಂತಿನಲ್ಲೂ ಮೊಲ ತಪ್ಪಿಸಿಕೊಳ್ಳುತ್ತದೆ. ಆಗ ತೋಳ ಕೂಗುವ ಮಾತೇ ಆ ಹೆಸರು. ಅಲ್ಲಿನ ಪ್ರತಿ ಮನೆಯ ಮಗುವಿಗೂ ಆ ಎರಡು ಪ್ರಾಣಿಗಳು ನೆರೆಮನೆಯವರಷ್ಟು ಪರಿಚಿತ. ಈಗ ಆ ಮಗುವಿನ ಕೈಗೆ ಈ ಆಟ ಬಂತು. ತೋಳ ನೀನೇ. ನಿನ್ನ ಬುಟ್ಟಿ ತಡವಾಯಿತು, ಮೊಟ್ಟೆ ಬೀಳುತ್ತಿದೆ. ಆ ಹೊತ್ತಿಗೆ ಕಿಟಕಿಯಿಂದ ಇಣುಕಿ ನಿನ್ನ ತಪ್ಪನ್ನು ಅರ್ಧ ಮಾಡುವುದು ಯಾರು? ಜೀವಮಾನವಿಡೀ ನೀನು ಅಟ್ಟಿಸಿಕೊಂಡು ಹೋದ ಮೊಲ.

ನಿಯಮ ಒಂದೇ. ಮೊಟ್ಟೆ, ಹಲಗೆ, ಅರ್ಧ ತಪ್ಪು ಎಲ್ಲವೂ ಅವೇ. ಚಿತ್ರ ಬದಲಾಯಿತು, ಅದರೊಂದಿಗೆ ಕತೆಯೇ ಬದಲಾಯಿತು. ಕಾರ್ಖಾನೆಯಲ್ಲಿ ಆ ಗಾಜಿನ ಚಿತ್ರ ಬರೆದವರು ಇದನ್ನು ಯೋಚಿಸಿ ಮಾಡಿದರೋ, ಇದ್ದ ಜಾಗಕ್ಕೆ ಇದ್ದ ಪಾತ್ರವನ್ನು ಕೂರಿಸಿದರೋ, ಆಟಕ್ಕೆ ಅದು ಬೇಕಿಲ್ಲ. ಆಡುವವನ ಮನಸ್ಸಿನಲ್ಲಿ ಅದು ನಡೆದೇ ನಡೆಯುತ್ತದೆ. ಹನ್ನೊಂದು ವರ್ಷದ ನಾನು ಆ ಕಾರ್ಟೂನನ್ನು ನೋಡಿರಲಿಲ್ಲ. ನನಗೆ ಅದು ಬರೀ ಒಂದು ಮೊಲವಾಗಿತ್ತು. ಈಗ ಕಾರ್ಟೂನಿನ ಕಂತುಗಳನ್ನು ನೋಡಿ ಬಂದು ಆಡಿದಾಗ, ಆ ಮೊಲ ಇಣುಕಿದ ಕ್ಷಣ ಕೈ ಒಂದು ಗಳಿಗೆ ನಿಂತುಹೋಯಿತು. ಒಂದು ಮೊಟ್ಟೆ ಬಿತ್ತು. ಮರಿ ಎದ್ದು ಓಡಿತು. ಅದೇ ರಾತ್ರಿ ಚೀಟಿಯನ್ನು ಹರಿಯಲು ಹೋದೆ. ಆಮೇಲೆ, ಬೇಡ, ಇದನ್ನು ಇಟ್ಟುಕೊಂಡು ಎಲ್ಲರ ಮುಂದೆ ಓದಬೇಕು ಎನ್ನಿಸಿತು.

ಯಕ್ಷಗಾನದ ಮೇಳದವರು ಪ್ರಸಂಗವನ್ನು ಹೊಸದಾಗಿ ಬರೆಯುವುದಿಲ್ಲ. ನೂರು ಮೇಳಗಳು ಆಡಿದ ಪ್ರಸಂಗವನ್ನೇ ಆಡುತ್ತಾರೆ. ಆದರೂ ಯಾರ ಬಾಯಲ್ಲಿ ಯಾವ ಮಾತು ಬಂತು, ಯಾವ ವೇಷ ಯಾರಿಗೆ ಎದುರಾಗಿ ನಿಂತಿತು ಎಂಬುದರಿಂದ ರಾತ್ರಿಯ ರಂಗು ಬೇರೆಯಾಗುತ್ತದೆ. ಅದು ನಮಗೆಲ್ಲ ಗೊತ್ತಿರುವ ವಿಷಯ. ಈ ಪೆಟ್ಟಿಗೆಯ ಮುಂದೆ ಕುಳಿತಾಗ ಮಾತ್ರ ನಾನು ಅದನ್ನು ಮರೆತಿದ್ದೆ.

ಆಟದ ಲಯದ ಬಗ್ಗೆಯೂ ಹೇಳಬೇಕು. ನೋಡುವವರಿಗೆ ಇದು ಕಣ್ಣಿನ ಆಟ ಎನ್ನಿಸುತ್ತದೆ. ಆರಂಭದಲ್ಲಿ ಹೌದು. ಐವತ್ತು, ಅರವತ್ತು ಅಂಕ ದಾಟಿದ ಮೇಲೆ ಕಣ್ಣು ಸಾಲದು. ನಾಲ್ಕು ಹಲಗೆಗಳಲ್ಲೂ ಮೊಟ್ಟೆಗಳಿದ್ದಾಗ ಎಲ್ಲವನ್ನೂ ಒಟ್ಟಿಗೆ ನೋಡಲಾಗುವುದಿಲ್ಲ. ಆಗ ಕಿವಿ ಕೆಲಸಕ್ಕೆ ಇಳಿಯುತ್ತದೆ. ಮೊಟ್ಟೆಗಳು ಒಟ್ಟಿಗೆ ಚಲಿಸುವುದಿಲ್ಲ, ಸರದಿಯಲ್ಲಿ ಚಲಿಸುತ್ತವೆ. ಎರಡು ಮೊಟ್ಟೆಗಳು ಒಂದೇ ಗಳಿಗೆಗೆ ಎರಡು ಅಂಚುಗಳಿಂದ ಬಿದ್ದದ್ದು ನನಗೆ ಒಮ್ಮೆಯೂ ಎದುರಾಗಿಲ್ಲ. ಆದ್ದರಿಂದ ಯಾವ ಕ್ಷಣಕ್ಕೂ ಒಂದು ಸರಿಯಾದ ಜಾಗ ಇದ್ದೇ ಇರುತ್ತದೆ. ನೀವು ಅಲ್ಲಿದ್ದರೆ ಸಾಕು. ತಾಳ ಹಾಕಿಕೊಂಡು ಹಾಡುವವರಿಗೆ ಈ ಸುಖ ಗೊತ್ತು. ಕಲ್ಲಾಟ ಆಡಿದವರಿಗೂ ಗೊತ್ತು: ಕಣ್ಣು ಮೇಲೆ ಹಾರಿದ ಕಲ್ಲಿನ ಮೇಲೆ, ಬೆರಳು ನೆಲದ ಕಲ್ಲುಗಳ ಮೇಲೆ, ಇವೆರಡರ ನಡುವೆ ಎಣಿಕೆ ತಾನಾಗಿಯೇ ನಡೆಯುತ್ತಿರುತ್ತದೆ. ನನ್ನ ತಂಗಿ ಕಲ್ಲಾಟದಲ್ಲಿ ಕೇರಿಗೇ ಮೊದಲಿಗಳು. ಈ ಆಟದಲ್ಲೂ ಅವಳೇ ಮುಂದೆ. ಅವಳದು 340, ನನ್ನದು 212; ಎರಡನ್ನೂ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆವು. 200ಕ್ಕೆ ಮತ್ತು 500ಕ್ಕೆ ಹಿಂದಿನ ತಪ್ಪುಗಳೆಲ್ಲ ಅಳಿಸಿಹೋಗುತ್ತವೆ. 200 ಮುಟ್ಟಿದಾಗಲೆಲ್ಲ ತಂಗಿ ‘ಸ್ನಾನ ಆಯಿತು’ ಎನ್ನುತ್ತಿದ್ದಳು.

ಬೆಲೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದು ಅಗ್ಗದ ಆಟಿಕೆ ಎಂದೂ ನಾನು ನಂಬಿದ್ದೆ. ಇದಕ್ಕೆ 25 ರೂಬಲ್. ಆ ಕಾಲದಲ್ಲಿ ಅಲ್ಲಿನ ಸರಾಸರಿ ತಿಂಗಳ ಸಂಬಳ ಸುಮಾರು 190 ರೂಬಲ್. ಸಂಬಳದಲ್ಲಿ ಏಳು ಎಂಟರಲ್ಲೊಂದು ಪಾಲು. ವಿದ್ಯಾರ್ಥಿವೇತನದಲ್ಲಿ ಬದುಕುತ್ತಿದ್ದ ಮಾವ ಅಷ್ಟು ಹಣ ಕೊಟ್ಟು ಇದನ್ನು ತಂದಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ನಾನು ಕೇಳಿದ ಮೇಲಷ್ಟೇ ಹೇಳಿದರು.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಸರ್, ಬ್ರಿಕ್ ಗೇಮ್‌ಗೂ ಇದಕ್ಕೂ ಸಂಬಂಧವಿದೆಯೇ?’ ಹೆಸರಿನ ಸಂಬಂಧ ಒಂದಿದೆ. ನಮ್ಮ ಜಾತ್ರೆಗಳಲ್ಲಿ ಮಾರುತ್ತಿದ್ದ ಬ್ರಿಕ್ ಗೇಮ್‌ನ ಮುಖ್ಯ ಆಟ, ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಟೆಟ್ರಿಸ್. ಅದನ್ನು 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸೇ ಪಾಜಿತ್ನೋವ್ ಬರೆದದ್ದು ‘ಎಲೆಕ್ಟ್ರೋನಿಕಾ 60’ ಎಂಬ ಕಂಪ್ಯೂಟರಿನಲ್ಲಿ. ಇದೇ ಎಲೆಕ್ಟ್ರೋನಿಕಾ ಹೆಸರು. ಜಪಾನಿನ ಆಟ ಮಾಸ್ಕೋಗೆ ಹೋಗಿ ತೋಳವಾಯಿತು. ಮಾಸ್ಕೋದ ಆಟ ಜಪಾನಿಗೆ ಹೋಗಿ ಗೇಮ್ ಬಾಯ್ ಸೇರಿತು. ಒಂದು ಕದ್ದು ಹೋದದ್ದು, ಇನ್ನೊಂದು ಒಪ್ಪಂದ ಮಾಡಿಕೊಂಡು ಹೋದದ್ದು. ಎರಡೂ ಸೇರಿ ನಮ್ಮ ಕೈಗೆ ಬಂದವು.

ಎರಡನೆಯ ಪ್ರಶ್ನೆ ಮುಂದಿನ ಸಾಲಿನ ಹುಡುಗನದು: ‘ಸಾವಿರ ಅಂಕ ಆದರೆ ಏನಾಗುತ್ತದೆ?’

ಈ ಪ್ರಶ್ನೆಯನ್ನು ಸೋವಿಯತ್ ಒಕ್ಕೂಟದ ಮಕ್ಕಳೆಲ್ಲ ಕೇಳಿದ್ದಾರೆ. ಸಾವಿರ ಅಂಕ ಪಡೆದರೆ ಈ ಗಾಜಿನ ಮೇಲೆ ಕಾರ್ಟೂನ್ ಬರುತ್ತದೆ ಎಂಬ ಮಾತು ಅಲ್ಲಿ ಶಾಲೆ ಶಾಲೆಗಳಲ್ಲಿ ಹಬ್ಬಿತ್ತು. ಎಲ್ಲರಿಗೂ ಅದನ್ನು ಕಂಡವನೊಬ್ಬ ಗೊತ್ತು, ಕಂಡವನು ಮಾತ್ರ ಪಕ್ಕದ ಬೀದಿಯವನು. ಮಾವನಿಗೆ ಹಾಸ್ಟೆಲಿನಲ್ಲಿ ಜೊತೆಗಿದ್ದವರು ಹೇಳಿದ್ದರು, ಮಾವ ನಮಗೆ ಹೇಳಿದ್ದರು. ನಾವೂ ನಂಬಿದ್ದೆವು.

ಪರದೆಯನ್ನು ಬಲ್ಲ ನನಗೆ ಈಗ ಗೊತ್ತು, ಅದು ಸಾಧ್ಯವಿಲ್ಲ. ಟಿವಿಯಲ್ಲಿ ಎಲ್ಲಿ ಬೇಕಾದರೂ ಏನು ಬೇಕಾದರೂ ಮೂಡಬಹುದು. ಇಲ್ಲಿ ಹಾಗಲ್ಲ. ತೋಳದ ಒಂದೊಂದು ಭಂಗಿ, ಮೊಟ್ಟೆಯ ಒಂದೊಂದು ಹೆಜ್ಜೆ, ಮೊಲ, ಮರಿ ಎಲ್ಲವೂ ಕಾರ್ಖಾನೆಯಲ್ಲೇ ಗಾಜಿನೊಳಗೆ ಕೊರೆದಿಟ್ಟ ಆಕಾರಗಳು. ವಿದ್ಯುತ್ ಕೊಟ್ಟರೆ ಕಾಣುತ್ತವೆ, ಇಲ್ಲದಿದ್ದರೆ ಮರೆಯಾಗುತ್ತವೆ. ಧ್ರುವಕ ಹಾಳೆಯನ್ನು ಬದಲಿಸುವಾಗ ದೀಪಕ್ಕೆ ಓರೆಯಾಗಿ ಹಿಡಿದು ಗಾಜಿನಲ್ಲಿರುವುದನ್ನೆಲ್ಲ ನೋಡಿದ್ದೇನೆ. ಅಡಗಿಸಿಟ್ಟ ಬೇರೆ ಚಿತ್ರ ಒಂದೂ ಇಲ್ಲ. ಆಟದ ಇಡೀ ಪ್ರೋಗ್ರಾಮ್ ಎರಡು ಕಿಲೋಬೈಟಿಗಿಂತ ಚಿಕ್ಕದು.

ಇಷ್ಟು ಗೊತ್ತಿದ್ದೂ ಆಡಿದೆ. ನಾಲ್ಕು ತಿಂಗಳು, ರಾತ್ರಿ ಊಟದ ಮೇಲೆ ಅರ್ಧ ಗಂಟೆ. ಡಿಸೆಂಬರಿನ ಒಂದು ರಾತ್ರಿ 900 ದಾಟಿತು. ಎರಡು ತಪ್ಪುಗಳು ಆಗಲೇ ಆಗಿದ್ದವು. 950ರ ನಂತರ ಅಂಕ ನೋಡುವುದನ್ನು ಬಿಟ್ಟೆ. ಟಿಕ್ ಸದ್ದನ್ನು ಮಾತ್ರ ಕೇಳುತ್ತಿದ್ದೆ. ತಲೆ ಎತ್ತಿದಾಗ 998 ಇತ್ತು. ಆಮೇಲೆ 999. ಆಮೇಲೆ 0. ಕಾರ್ಟೂನ್ ಬರಲಿಲ್ಲ. ಮೇಲಿನ ಎಡ ಹಲಗೆಯಲ್ಲಿ ಮುಂದಿನ ಮೊಟ್ಟೆ ಉರುಳಲು ಶುರುವಾಗಿತ್ತು.

ಹತ್ತೂವರೆ ಗಂಟೆಯಾಗಿದ್ದರೂ ಹಾಸನಕ್ಕೆ ಫೋನ್ ಮಾಡಿದೆ. ಮಾವ ಎದ್ದಿದ್ದರು. ‘ಮಾವ, ತೋಳಪ್ಪ ಸಾವಿರ ಮುಟ್ಟಿದ’ ಎಂದೆ.

ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ. ಆಮೇಲೆ, ‘ಚಿತ್ರ ಬಂತೇನೋ?’ ಎಂದರು.

‘ಇಲ್ಲ ಮಾವ. ಸೊನ್ನೆಯಾಯಿತು.’

‘ಸೊನ್ನೆಯಾದ ಮೇಲೂ ಮೊಟ್ಟೆ ಬರುತ್ತಿತ್ತೋ?’

‘ಬರುತ್ತಿತ್ತು.’

‘ಹಾಗಿದ್ದರೆ ಯಾಕೋ ನಿಲ್ಲಿಸಿದೆ?’ ಎಂದರು.

ಆಟ ಇಲ್ಲಿ ಮೇಜಿನ ಮೇಲಿದೆ. ಯಾರು ಬೇಕಾದರೂ ಬಂದು ಆಡಬಹುದು, ಸಣ್ಣವರು ಮೊದಲು. ‘ಆಟ ಎ’ಯಿಂದ ಆರಂಭಿಸಿ. ಗುಂಡಿಗಳನ್ನು ಮೆಲ್ಲಗೆ ಒತ್ತಿ, ಒಳಗಿನ ರಬ್ಬರು ನಲವತ್ತು ವರ್ಷ ಹಳೆಯದು. ಗಾಜಿನ ಮೇಲೆ ಬೆರಳು ಇಡಬೇಡಿ.